ಒಳಗೆ ನೀರು ಹೋಗಿದೆ

ಅಕ್ಟೋಬರ್ 14, ಸೋಮವಾರ

ಆಯುಧಪೂಜೆಯ ಕುಂಕುಮ ಇನ್ನೂ ಕಟಿಂಗ್ ಪ್ಲೇಯರ್ ಹಿಡಿಯ ಮೇಲೆಯೇ ಇದೆ. ಶಟರ್ ಎತ್ತಿದ್ದೇ ತಡ, ಎರಡು ಮಿಕ್ಸಿ, ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಬೋರ್‌ವೆಲ್ ಸ್ಟಾರ್ಟರ್. ಮಿಕ್ಸಿಗಳಿಗೆ ಕಾರ್ಬನ್ ಹಾಕಿ ಕಳಿಸಿದೆ. ಸ್ಟಾರ್ಟರ್ ಸುಟ್ಟು ಕರಕಲು. ಹೊಸದು ತಗೊಳ್ಳಿ ಎಂದೆ.

ಹನ್ನೊಂದು ಗಂಟೆಗೆ ಹೈಸ್ಕೂಲ್ ಮೇಡಂ ವೇದಾವತಿ ಆಟೋದಲ್ಲಿ ಬಂದಿಳಿದರು. ದಸರಾ ರಜೆ ಅವರಿಗೆ. ಜೊತೆಗೆ ಬೆಡ್‌ಶೀಟಿನಲ್ಲಿ ಸುತ್ತಿದ ಓವನ್. ಕರೆಂಟಿನದು, ಕೇಕ್ ಮಾಡುವಂಥದ್ದು.

"ಮುತ್ತುರಾಜಣ್ಣ, ಹಬ್ಬದ ಹಿಂದಿನ ದಿನ ಬನ್ ಮಾಡಿದೀನಿ, ಚೆನ್ನಾಗಿ ಉಬ್ಬಿತ್ತು. ನಿನ್ನೆ ಇಟ್ಟರೆ ಬಿಸಿನೇ ಆಗಲ್ಲ. ಲೈಟೂ ಬರಲ್ಲ. ಶನಿವಾರ ಮಗಳ ಬರ್ತ್‌ಡೇ. ಕೇಕ್ ಮನೇಲೇ ಮಾಡ್ತೀನಿ ಅಂತ ಅವಳ ಫ್ರೆಂಡ್ಸಿಗೆಲ್ಲ ಹೇಳಿಬಿಟ್ಟಿದೀನಿ."

ಮುಂದೆ ಮೂರು ನಾಬ್. ಒಂದು ಬಿಸಿ ಎಷ್ಟು ಎನ್ನುವುದಕ್ಕೆ. ಒಂದು ಮೇಲಿನ ಕಾಯಿಲೋ ಕೆಳಗಿನ ಕಾಯಿಲೋ ಎನ್ನುವುದಕ್ಕೆ. ಮೂರನೆಯದು ಏನು ಎಂದು ಕೇಳಿದೆ.

"ಅದು ಗಂಟೆ ಅಣ್ಣ, ಟೈಮ್ ಆಯ್ತು ಅಂತ ಟಿಣ್ ಅನ್ನೋದು. ಅಂಗಡಿಯವರು ತಂದಿಟ್ಟ ದಿನ ಹೆಂಗಿತ್ತೋ ಹಂಗೇ ಇದೆ, ನಾನು ಮುಟ್ಟೋದೇ ಇಲ್ಲ. ಟೈಮ್ ಫೋನಲ್ಲಿ ನೋಡ್ಕೋತೀನಿ."

ಇಂಥದ್ದನ್ನು ಇವತ್ತಿನವರೆಗೆ ಬಿಚ್ಚಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. "ಓವನ್ ತಾನೆ? ಬಿಟ್ಟೋಗಿ ಮೇಡಂ" ಎಂದೆ. ಬಾಯಿ ನನ್ನದೇ. ಆದರೆ ದಿನಕ್ಕೆ ಹತ್ತು ಓವನ್ ಬಿಚ್ಚುವವನ ಥರ ಮಾತಾಡಿತು.

ಸಂಜೆ ಪೇಂಟರ್ ವೀರಭದ್ರಯ್ಯನನ್ನು ಕರೆದು ಬೋರ್ಡಿಗೆ ಒಂದು ಪದ ಸೇರಿಸಲು ಹೇಳಿದೆ. ಮಿಕ್ಸಿ, ಗ್ರೈಂಡರ್, ಮೋಟರ್ ರಿವೈಂಡಿಂಗ್... ಅದರ ಮುಂದೆ ಓವನ್. ಕೆಂಪು ಬಣ್ಣದಲ್ಲಿ.

ಅಕ್ಟೋಬರ್ 15, ಮಂಗಳವಾರ, ಮಧ್ಯಾಹ್ನ

ವೈರ್ ಸರಿ ಇದೆ. ಪ್ಲಗ್ ಸರಿ ಇದೆ. ಹಿಂದಿನ ತಗಡು ಬಿಚ್ಚಿ ಮೇಲಿನ ಕಾಯಿಲ್ ನೋಡಿದೆ, ಮೀಟರ್ ಪೀಂ ಎಂದಿತು. ಕೆಳಗಿನದೂ ಪೀಂ. ಬಿಸಿಯ ನಾಬ್ ಹಿಂದಿರುವುದೂ ಸರಿ. ಎಲ್ಲಾ ಸರಿ. ಕರೆಂಟ್ ಕೊಟ್ಟರೆ ಮಾತ್ರ ಓವನ್ ತಣ್ಣಗೆ ಕೂತಿದೆ. ಮೇಡಂ ಹೇಳಿದ ಹಾಗೆ ಲೈಟೂ ಇಲ್ಲ.

ಯೂಟ್ಯೂಬಿನಲ್ಲಿ ಒಬ್ಬ ಹಿಂದಿಯವನು ಓವನ್ ಬಿಚ್ಚುತ್ತಾನೆ. ಬೇರೆ ಮಾಡೆಲ್. ಅವನದು ಎರಡೇ ನಿಮಿಷಕ್ಕೆ ಕೆಂಪಾಯಿತು. ನೋಡಿ ಹೊಟ್ಟೆ ಉರಿಯಿತು.

ಮೇಡಂ ಮನೆಯ ಪೂಜೆ ಜೋರಾಗಿಯೇ ನಡೆದಿದೆ. ಮೂರು ನಾಬಿಗೂ ಗಂಧ, ಕುಂಕುಮ. ಮೂರನೆಯದಕ್ಕೆ ಅರ್ಧ ಕುಂಕುಮದ ಬಟ್ಟಲೇ ಬಳಿದ ಹಾಗಿದೆ. ಗಂಧಕ್ಕೆ ಅಂಟಿದ ಚೆಂಡು ಹೂವಿನ ಎಸಳು ಒಣಗಿ ಅಲ್ಲೇ ಕೂತಿದೆ. ಕೆಳಗೆ ಏನು ಬರೆದಿದೆಯೋ ಕಾಣುವುದಿಲ್ಲ. ಪೂಜೆಯದ್ದನ್ನು ಒರೆಸಬಾರದು, ತಾನೇ ಉದುರಬೇಕು. ನನ್ನ ಮೀಟರಿನ ಮೇಲಿನ ಬೊಟ್ಟನ್ನೂ ಹಾಗೇ ಬಿಟ್ಟಿದ್ದೇನೆ. ಅಲ್ಲದೆ ಅದು ಬರೀ ಗಂಟೆ. ಗಂಟೆಗೂ ಬಿಸಿಗೂ ಏನು ಸಂಬಂಧ.

ಮತ್ತೆ ಮುಚ್ಚಿದೆ. ಮತ್ತೆ ಬಿಚ್ಚಿದೆ. ಒಂದು ಸ್ಕ್ರೂ ಎಲ್ಲಿ ಹೋಯಿತೋ.

ಅಕ್ಟೋಬರ್ 16, ಬುಧವಾರ

ವೀರಭದ್ರಯ್ಯ ಬೆಳಿಗ್ಗೆಯೇ ಬಂದು ಬರೆದು ಹೋದ. ಓವನ್ ಎನ್ನುವ ಪದ ರಸ್ತೆಯಾಚೆಯ ಹೋಟೆಲಿನಿಂದಲೂ ಕಾಣುತ್ತದೆ. ನನ್ನ ಹೆಂಡತಿ ಸುನಿತಾ ಊಟದ ಡಬ್ಬಿ ತಂದವಳು ಬೋರ್ಡ್ ನೋಡಿದಳು, ಬಿಚ್ಚಿಟ್ಟ ಓವನ್ ನೋಡಿದಳು, ನನ್ನನ್ನು ನೋಡಿದಳು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಡಬ್ಬಿ ಇಟ್ಟು ಹೋದಳು.

ಮೂರು ಗಂಟೆಗೆ ಮೇಡಂ ಯಜಮಾನರು ರಂಗೇಶ್ ಬಂದರು. ತೋಟಗಾರಿಕೆ ಇಲಾಖೆ. ಸ್ಕೂಟರಿನಿಂದ ಇಳಿಯದೆಯೇ ಕೇಳಿದರು.

"ಏನಾಗೈತೆ ಮುತ್ತಣ್ಣ? ಗೊತ್ತಾಯ್ತಾ?"

ನನ್ನ ಗುರು ಶಿರಾದ ಚನ್ನಮಲ್ಲಯ್ಯ. ಕೆಲಸ ಕಲಿಸುವಾಗಲೇ ಈ ಮಾತನ್ನೂ ಕಲಿಸಿದ್ದ. "ಗೊತ್ತಾಗ್ಲಿಲ್ಲ ಅಂತ ಗಿರಾಕಿ ಮುಂದೆ ಯಾವತ್ತೂ ಅನ್ನಬ್ಯಾಡ ಕಣ್ಲಾ. ಎರಡೇ ಮಾತು ಇಟ್ಕೋ. ಒಂದು, ವೋಲ್ಟೇಜ್ ಜಾಸ್ತಿ ಬಂದೈತೆ. ಇನ್ನೊಂದು, ಒಳಗೆ ನೀರು ಹೋಗೈತೆ. ಎರಡನ್ನೂ ಯಾರೂ ಹಿಂದಕ್ಕೆ ಹೋಗಿ ನೋಡಕ್ಕಾಗಲ್ಲ." ಇಷ್ಟು ವರ್ಷ ಆ ಎರಡು ಮಾತಿನಲ್ಲೇ ಎಷ್ಟೋ ದಿನ ದಾಟಿಸಿದ್ದೇನೆ. ಈ ಬೀದಿಯಲ್ಲಿ ದಾಟಿಸದವರು ಯಾರೂ ಇಲ್ಲ.

"ಒಳಗೆ ನೀರು ಹೋಗೈತೆ ಸಾರ್" ಎಂದೆ.

"ನಾನು ಅಂದ್ಕೊಂಡೆ! ಹಬ್ಬದ ದಿನ ನಮ್ಮಮ್ಮ ಕುಕ್ಕರಿಂದ ಹಿಡಿದು ಗೋಡೆ ಗಡಿಯಾರದವರೆಗೆ ಎಲ್ಲಕ್ಕೂ ಪೂಜೆ ಮಾಡೌರೆ. ಇದನ್ನೂ ತೊಳೆದಿರ್ತಾರೆ."

"ಅದೇ ಇರಬೇಕು ಸಾರ್. ಒಣಗಿಸಿ ನೋಡ್ತೀನಿ."

ಅಷ್ಟೇ. ಅವರು ಸ್ಕೂಟರ್ ತಿರುಗಿಸಿಕೊಂಡು ಹೋದರು. ಬಚಾವಾದೆ ಎಂದು ಒಂದು ಟೀ ಕುಡಿದೆ.

ಅಕ್ಟೋಬರ್ 18, ಶುಕ್ರವಾರ, ಸಂಜೆ 4

ಬರೆಯಲೂ ನಾಚಿಕೆ. ಆದರೂ ಬರೆಯುತ್ತೇನೆ. ಈ ಡೈರಿ ಬಿಲ್ ಪುಸ್ತಕದ ಕೆಳಗೆ ಇರುವಂಥದ್ದು, ಬರೆಯುತ್ತಿದ್ದರೆ ಗಿರಾಕಿಗಳು ಬಿಲ್ ಎಂದೇ ತಿಳಿಯುತ್ತಾರೆ.

ಕೈಲಾಗಲಿಲ್ಲ, ತುಮಕೂರಿಗೆ ಕಳಿಸಿ ಎಂದು ಹೇಳಿಬಿಡೋಣ ಎಂದು ತೀರ್ಮಾನಿಸಿ ಓವನ್ ಎತ್ತಿ ಪಕ್ಕಕ್ಕಿಡಲು ಹೋದೆ. ಪ್ಲಗ್ ಹಾಕಿದ್ದು ಹಾಗೇ ಇತ್ತು. ಹೊಟ್ಟೆಗೆ ಆನಿಸಿಕೊಂಡಾಗ ಮೂರನೆಯ ನಾಬ್ ಅಂಗಿಗೆ ಸಿಕ್ಕಿ ತಿರುಗಿತು. ಟಿಕ್ ಟಿಕ್ ಟಿಕ್ ಎಂದಿತು. ಲೈಟ್ ಬಂತು. ಮೇಜಿನ ಮೇಲೆ ಇಳಿಸಿ ನೋಡುತ್ತೇನೆ, ಕಾಯಿಲ್ ಕೆಂಪಗೆ, ಎರಡೂ.

ಬರೀ ಗಂಟೆ ಅಲ್ಲ ಅದು. ಅದು ತಿರುಗಿದ್ದರೆ ಮಾತ್ರ ಒಳಗೆ ಕರೆಂಟು. ಸೊನ್ನೆಗೆ ತಂದರೆ ಎಲ್ಲ ಬಂದ್. ಕುಂಕುಮ ಒರೆಸಿ ನೋಡಿದೆ. ಕೆಳಗೆ ನಿಮಿಷಗಳ ಅಂಕಿ, ಒಂದು ತುದಿಗೆ ಸೊನ್ನೆ, ಇನ್ನೊಂದು ಕಡೆ ಯಾವಾಗಲೂ ಆನ್ ಇರಲಿ ಎನ್ನುವ ಗುರುತು. ಅಂಗಡಿಯವರು ಅಲ್ಲಿಗೆ ತಿರುಗಿಸಿಟ್ಟು ಹೋಗಿದ್ದಾರೆ. ಮೇಡಂ ಅದನ್ನು ಮುಟ್ಟಿಲ್ಲ. ಹಬ್ಬದಲ್ಲಿ ಯಾರೋ ಸೊನ್ನೆಗೆ ತಂದಿದ್ದಾರೆ.

ನೀರು ಇಲ್ಲ. ಒಂದು ಹನಿಯೂ ಇಲ್ಲ. ಯಾವತ್ತೂ ಇರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಬೇರೆಯವರ ಮನೆಯ ನೆಲ ಡೊಂಕು ಎಂದೆ.

ಅಕ್ಟೋಬರ್ 19, ಶನಿವಾರ

ಬೆಳಿಗ್ಗೆಯೇ ಕೊಟ್ಟು ಬಂದೆ. ನಾಬನ್ನು ಆ ಗುರುತಿಗೆ ತಿರುಗಿಸಿಟ್ಟು, ಮತ್ತೆ ಒಂದು ಚೂರು ಕುಂಕುಮ ಹಚ್ಚಿದೆ. ಒರೆಸಿದ್ದು ಗೊತ್ತಾಗಬಾರದಲ್ಲ. ಕಳ್ಳನ ಕೆಲಸ.

ದಾರಿಯುದ್ದಕ್ಕೂ ಹೇಳಬೇಕು ಎಂದುಕೊಂಡೆ. "ಮೇಡಂ, ನಾಬ್ ಸೊನ್ನೆಯಲ್ಲಿತ್ತು, ನನಗೂ ಗೊತ್ತಾಗಲಿಲ್ಲ" ಎಂದರೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಒಂದು ವಾರ ಇಟ್ಟುಕೊಂಡಿದ್ದೇನೆ, ನೀರು ಎಂದಿದ್ದೇನೆ, ಬೋರ್ಡು ಬರೆಸಿದ್ದೇನೆ.

ಬಾಗಿಲಲ್ಲಿ ರಂಗೇಶ್ ಅವರ ತಾಯಿ ಕೊಲ್ಲಾಪುರಮ್ಮ. ಸಣ್ಣ ಜೀವ, ಗಟ್ಟಿ ದನಿ. ನಾನು ಓವನ್ ಒಳಗಿಡುವ ಮೊದಲೇ ಶುರು ಮಾಡಿದರು.

"ನಾನು ನೀರಾಕಿಲ್ಲ ಕಣಪ್ಪ. ಒಣಾ ಬಟ್ಟೇಲಿ ಒರೆಸ್ದೆ. ಮೂರು ಗುಂಡೀನೂ ಸೊನ್ನೆಗೆ ತಂದು ಬೊಟ್ಟಿಟ್ಟೆ. ನೇಗಿಲು, ಕುಡ್ಲು ಎಲ್ಲಾ ಮಲಗುಸ್ತೀವಿ, ಹಬ್ಬದ ದಿನ ಇದಕ್ಕೂ ಒಂದಿನ ರಜ ಬ್ಯಾಡವಾ? ನೀನೇ ಹೇಳು, ನೀರು ಎಲ್ಲಿಂದ ಬಂತು?"

ರಂಗೇಶ್ ಒಳಗಿನಿಂದ ಬಂದು, "ಅಮ್ಮಾ, ಸುಮ್ಕಿರು. ನೀನು ಮರ್ತಿದೀಯ. ಬಿಚ್ಚಿ ನೋಡಿದೋರು ಅವರು" ಎಂದರು.

ನಾನು ಬಗ್ಗಿ ಪ್ಲಗ್ ಹಾಕುತ್ತಿದ್ದೆ. ಪ್ಲಗ್ ಹಾಕಲು ಅಷ್ಟು ಹೊತ್ತು ಬೇಕಿಲ್ಲ.

ಮೂರು ಗುಂಡಿಯನ್ನೂ ಸೊನ್ನೆಗೆ ತಂದೆ ಎಂದರು. ಕಾರಣ ಅದೇ. ಇಡೀ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದ್ದು ಅವರೊಬ್ಬರೇ. ಅವರಿಗೇ ಮರೆವು ಎಂದರು.

ದುಡ್ಡು ಬೇಡವೆಂದೆ. "ಎಂಥಾ ಮನುಷ್ಯ ನೋಡಿ" ಎಂದು ಮೇಡಂ ಗಂಡನಿಗೆ ಹೇಳಿದರು. ಸಂಜೆ ಹುಟ್ಟುಹಬ್ಬದ ಕೇಕ್ ಒಂದು ತುಂಡು ಡಬ್ಬಿಯಲ್ಲಿ ಅಂಗಡಿಗೇ ಕಳಿಸಿದರು. ಸುನಿತಾಳಿಗೆ ಕೊಟ್ಟೆ. ಚೆನ್ನಾಗಿದೆ ಎಂದು ತಿಂದಳು.

ಅಕ್ಟೋಬರ್ 25, ಶುಕ್ರವಾರ

ದೀಪಾವಳಿ ಸೀರಿಯಲ್ ಲೈಟ್ ಸೆಟ್ ವ್ಯಾಪಾರ ಶುರು. ಈ ವಾರ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಇವತ್ತು ಸುನಿತಾ ಸೊಸೈಟಿ ಅಕ್ಕಿ ತರಲು ಹೋದವಳು ಸುದ್ದಿ ತಂದಳು. "ಆ ಓವನ್ ಮೇಡಮ್ಮನ ಅತ್ತೆಗೆ ಅರಳುಮರಳು ಅಂತೆ, ಪಾಪ. ತಾನೇ ನೀರು ಸುರ್ದು, ಸುರಿಲಿಲ್ಲ ಅಂತ ಆಣೆ ಇಡ್ತಾಳಂತೆ. ಅವಳ ಅಕ್ಕಂಗೂ ಹಿಂಗೇ ಶುರುವಾಗಿತ್ತಂತೆ, ಕೊನೆಗೆ ಮಕ್ಕಳ ಗುರ್ತೂ ಸಿಗ್ತಿರಲಿಲ್ವಂತೆ. ತುಮಕೂರಿಗೆ ಡಾಕ್ಟ್ರತ್ರ ಕರ್ಕೊಂಡೋಗಿದ್ರು. ಒಬ್ಬರನ್ನೇ ಎಲ್ಲೂ ಕಳಿಸಬ್ಯಾಡಿ, ಒಲೆ ಹತ್ರ ಬಿಡಬ್ಯಾಡಿ ಅಂದ್ರಂತೆ."

ಮನೆಯವರೆಲ್ಲ ಹೊರಗೆ ಹೊರಟರೆ ಸಿಲಿಂಡರ್ ರೆಗ್ಯುಲೇಟರ್ ಕಿತ್ತಿಟ್ಟು ಹೋಗುತ್ತಾರಂತೆ. ಮುದುಕಿ ತನಗೊಂದು ಲೋಟ ಕಾಫಿಯನ್ನೂ ಕಾಯಿಸಿಕೊಳ್ಳುವಂತಿಲ್ಲ. ಪ್ರತಿ ಶುಕ್ರವಾರ ಒಬ್ಬರೇ ಬಸ್ ಹತ್ತಿ ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೋಗಿ ಬರುತ್ತಿದ್ದರು. ನನ್ನ ಅಂಗಡಿ ಮುಂದೆಯೇ ಬಸ್ ನಿಲ್ಲುವುದು. ಎಷ್ಟು ವರ್ಷ ನೋಡಿದ್ದೇನೆ, ಕೈಯಲ್ಲಿ ವೈರ್ ಬುಟ್ಟಿ, ಕಂಡಕ್ಟರನ ಜೊತೆ ಜಗಳ. ಅದಕ್ಕೂ ಕಲ್ಲು ಬಿತ್ತು. ಇವತ್ತು ಶುಕ್ರವಾರ. ಬಸ್ ಬಂತು, ಹೋಯಿತು. ಅವರಿಲ್ಲ.

ವೋಲ್ಟೇಜ್ ಎಂದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಎರಡು ಮಾತಿನಲ್ಲಿ ಒಂದನ್ನು ಆರಿಸಿಕೊಳ್ಳುವಾಗಲೂ ತಪ್ಪನ್ನೇ ಆರಿಸಿದೆ.

ಅಕ್ಟೋಬರ್ 28, ಸೋಮವಾರ, ಮಧ್ಯಾಹ್ನ 1

ಈಗ ತಾನೇ ಹೋದರು.

ಊಟಕ್ಕೆ ಕೂರೋಣ ಎನ್ನುವಷ್ಟರಲ್ಲಿ ಕೊಲ್ಲಾಪುರಮ್ಮ ಬಂದರು. ಒಬ್ಬರೇ. ಸೆರಗು ತಲೆಯ ಮೇಲೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಹಿತ್ತಲ ಬಾಗಿಲಿಂದ ಬಂದಿದ್ದಾರೆ. ಸ್ಟೂಲ್ ಹಾಕಿದೆ. ಕೂರಲಿಲ್ಲ.

"ಒಂದೇ ಮಾತು ಕೇಳ್ಕೊಂಡು ಹೋಗಕ್ಕೆ ಬಂದೆ ಕಣಪ್ಪ. ನಿನ್ನ ಕಣ್ಣಾರೆ ನೀರು ನೋಡ್ದಾ? ಅದರೊಳಗೆ?"

ಹಳೆಯ ಗಟ್ಟಿ ದನಿ ಇಲ್ಲ. ಮೇಷ್ಟ್ರ ಮುಂದೆ ನಿಂತ ಮಗುವಿನ ಹಾಗೆ ನಿಂತಿದ್ದಾರೆ.

"ನನಗೆ ಜ್ಞಾಪಕ ಇರೋದು ಒಣಾ ಬಟ್ಟೆ. ಅವರೆಲ್ಲಾ ಹೇಳೋದು ನೀರು. ನಿದ್ದೆ ಬರಲ್ಲ. ಮೊಮ್ಮಕ್ಕಳ ಹೆಸರು ಒಂದೊಂದೇ ಹೇಳ್ಕೋತೀನಿ, ಬುಕ್ಕಾಪಟ್ಟಣದಲ್ಲಿ ನಮ್ಮ ಎತ್ತುಗಳ ಹೆಸರು ಹೇಳ್ಕೋತೀನಿ. ಎಲ್ಲಾ ಬತ್ತವೆ. ಅದೊಂದು ನೀರು ಮಾತ್ರ ಬರಲ್ಲ. ನಮ್ಮಕ್ಕಂಗೂ ಇಂಗೇ ಒಂದೊಂದೇ ಹೋಯ್ತು. ನೀನು ಬಿಚ್ಚಿದೋನು. ನೀನು ಹೇಳಿದ್ರೆ ನಂಬ್ತೀನಿ."

ಇದಕ್ಕಿಂತ ಒಳ್ಳೆಯ ಗಳಿಗೆ ಯಾವ ದೇವರು ಕೊಡುತ್ತಾನೆ? ಅಂಗಡಿಯಲ್ಲಿ ಯಾರೂ ಇರಲಿಲ್ಲ. ಇಲ್ಲ ಎನ್ನುವ ಎರಡಕ್ಷರ ಸಾಕಿತ್ತು.

"ಸ್ವಲ್ಪ... ತೇವ ಇತ್ತು ಕಣಮ್ಮ" ಎಂದೆ.

ಯಾಕೆ ಎಂದೆ, ಗೊತ್ತಿಲ್ಲ. ಇಲ್ಲ, ಗೊತ್ತಿದೆ. ಇಲ್ಲ ಎಂದರೆ ಮನೆಗೆ ಹೋಗಿ ಹೇಳುತ್ತಾರೆ, ರಂಗೇಶ್ ಬಂದು ಕೇಳುತ್ತಾರೆ, ನಾಲ್ಕು ಜನ ನಿಂತು ನೋಡುತ್ತಾರೆ. ಅಷ್ಟಕ್ಕೇ.

ಅವರು ತಲೆಯಾಡಿಸಿದರು. "ಅಂಗಾದ್ರೆ ನನಗೇ ಮರ್ತೋಗೈತೆ ಬುಡು" ಎಂದರು. ತಾವು ಬಂದಿದ್ದನ್ನು ಮಗನಿಗೆ ಹೇಳಬೇಡ ಎಂದರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡರು. ಮೊದಲು ಹಿಡಿಯುತ್ತಿರಲಿಲ್ಲ.

ನಾಯಿಗೆ ಇರುವ ಮರ್ಯಾದೆ ನನಗಿಲ್ಲ. ಡಬ್ಬಿ ಹಾಗೇ ಇದೆ, ಊಟ ಬೇಡ.

ನವೆಂಬರ್ 2, ಶನಿವಾರ, ಬಲಿಪಾಡ್ಯಮಿ

ಅಂಗಡಿ ಅರ್ಧ ಶಟರ್. ಸುಟ್ಟ ಸೀರಿಯಲ್ ಸೆಟ್ ವಾಪಸ್ ತರುವವರೇ ಹೆಚ್ಚು.

ವೇದಾವತಿ ಮೇಡಂ ಫೋನ್. "ಅಣ್ಣ, ಮತ್ತೆ ಬಿಸಿ ಆಗ್ತಿಲ್ಲ. ಅದೇ ಥರ, ಲೈಟೂ ಇಲ್ಲ. ನಿನ್ನೆ ಲಕ್ಷ್ಮೀಪೂಜೆಗೆ ನಾನೇ ಒರೆಸಿ, ಎಲ್ಲಾ ಆಫ್ ಮಾಡಿ ಬೊಟ್ಟಿಟ್ಟೆ, ಅತ್ತೇನ ಹತ್ತಿರ ಬಿಟ್ಟಿಲ್ಲ. ಆಮೇಲೆ ಅವರು ದೇವರ ಮನೆಯಿಂದ ಚೆಂಬು ಹಿಡ್ಕೊಂಡು ಅಡಿಗೆಮನೆಗೆ ಹೋಗಿದ್ದು ಮಗಳು ನೋಡಿದಾಳೆ. ಮತ್ತೆ ನೀರು ಹಾಕಿಬಿಟ್ಟಿದಾರೆ ಅಣ್ಣ. ಈ ಸಲ ಕೇಳಿದ್ರೆ, ಹಾಕಿರಬೋದು ಕಣವ್ವ, ನನಗೆ ಗೊತ್ತಾಗ್ತಿಲ್ಲ ಅಂತ ಅಳ್ತಾರೆ."

ಎಲ್ಲಾ ಆಫ್ ಮಾಡಿ ಎಂದರಲ್ಲ. ಮೂರನೆಯದನ್ನೂ ಸೊನ್ನೆಗೆ ತಂದಿದ್ದಾರೆ, ಈ ಸಲ ತಾವೇ.

ಮೇಡಂ ಮುಂದುವರಿಸಿದರು. ನಾಳೆ ಅತ್ತೆಯನ್ನು ಬುಕ್ಕಾಪಟ್ಟಣಕ್ಕೆ ಕಳಿಸುತ್ತಾರಂತೆ. ರಂಗೇಶ್ ಅವರ ಅಣ್ಣನ ಮನೆ, ಜಿಂಕೆ ಕಾಡಿನ ಪಕ್ಕದ ಹೊಲದಲ್ಲಿ. ಅವರು ದುಡಿಮೆಗೆ ಹೋದಾಗ ಹೊರಗಿನಿಂದ ಅಗುಳಿ ಹಾಕುತ್ತಾರಂತೆ. "ಬೇರೆ ದಾರಿ ಇಲ್ಲ ಅಣ್ಣ, ನಾವಿಬ್ಬರೂ ಕೆಲಸಕ್ಕೆ ಹೋಗೋರು" ಎಂದು ಮೇಡಮ್ಮನೂ ಅತ್ತರು. ಕೆಟ್ಟವರಲ್ಲ ಅವರು. ನನ್ನ ಮಾತು ನಂಬಿದವರು.

ಸುನಿತಾ ಪಕ್ಕದಲ್ಲೇ ದೀಪದ ಬತ್ತಿ ಹೊಸೆಯುತ್ತಿದ್ದಳು. ಫೋನ್ ಇಟ್ಟ ಮೇಲೆ ಅವಳಿಗೆ ಎಲ್ಲಾ ಹೇಳಿದೆ. ಮೊದಲಿನಿಂದ.

ಅವಳ ತವರು ಪಾವಗಡ. ತೆಲುಗು ಬಾಯಿಗೆ ಬಂತೆಂದರೆ ಕೋಪ ನಿಜವಾದದ್ದು.

"ನೀಕು ಸಿಗ್ಗು ಲೇದಾ? ನಾಚಿಕೆ ಇಲ್ವಾ ನಿಂಗೆ?" ಎಂದಳು. ಬತ್ತಿ ಕೆಳಗಿಟ್ಟಳು. "ಆ ಯಮ್ಮ ನಿನ್ನ ಅಂಗಡಿಗೆ ಬಂದು ಕೈ ಮುಗ್ದು ಕೇಳಿದ್ರೂ ಹೇಳ್ಲಿಲ್ವಾ? ನಿನ್ನ ಮರ್ಯಾದೆ ದೊಡ್ಡದಾ, ಅವಳ ತಲೆ ದೊಡ್ಡದಾ?"

ಸಿಗ್ಗು ಇತ್ತು. ಇದ್ದದ್ದಕ್ಕೇ ಇಷ್ಟೆಲ್ಲಾ ಆದದ್ದು.

ನವೆಂಬರ್ 3, ಭಾನುವಾರ

ಬೆಳಿಗ್ಗೆ ಹೋದೆ. ಟೂಲ್ ಬ್ಯಾಗ್ ಒಯ್ಯಲಿಲ್ಲ.

ಬಾಗಿಲ ಬಳಿ ವೈರ್ ಬುಟ್ಟಿ, ಒಂದು ಬಟ್ಟೆ ಗಂಟು, ಮಡಿಸಿದ ಕಂಬಳಿ. ಕೊಲ್ಲಾಪುರಮ್ಮ ಗೋಡೆಗೊರಗಿ ಕೂತಿದ್ದರು, ಹೊಸ ಸೀರೆ ಉಟ್ಟು. ರಂಗೇಶ್ ಕಾರಿಗೆ ಫೋನ್ ಮಾಡುತ್ತಿದ್ದರು.

"ಎಲ್ಲಾರೂ ಒಂದ್ಸಲ ಅಡಿಗೆಮನೆಗೆ ಬನ್ನಿ" ಎಂದೆ. "ಅಮ್ಮಾ, ನೀವೂ ಬನ್ನಿ."

ಓವನ್ ಮುಂದೆ ನಿಂತೆ. ಮೊದಲೆರಡು ನಾಬ್ ಬಿಸಿಗೆ ತಿರುಗಿಸಿದ್ದವು, ಮೂರನೆಯದು ಮಾತ್ರ ಸೊನ್ನೆಯಲ್ಲೇ ಇತ್ತು, ಮೇಲೆ ಹೊಸ ಕುಂಕುಮ. ತಿರುಗಿಸಿದೆ. ಟಿಕ್ ಟಿಕ್ ಎಂದಿತು. ಲೈಟ್ ಬಂತು. ಎಲ್ಲರೂ ನೋಡುತ್ತಿದ್ದಂತೆ ಕಾಯಿಲ್ ಕೆಂಪಾಯಿತು.

"ಇಷ್ಟೇ ಆಗಿದ್ದು. ಆವತ್ತೂ ಇಷ್ಟೇ. ನೀರು ಇರಲಿಲ್ಲ" ಎಂದೆ.

ರಂಗೇಶ್ ಫೋನ್ ಕೆಳಗಿಳಿಸಿದರು. "ಮತ್ತೆ ನೀರು ಹೋಗೈತೆ ಅಂದೆಯಲ್ಲಯ್ಯ?" ಅಣ್ಣ ಹೋಗಿ ಅಯ್ಯ ಆಗಿದ್ದೆ.

"ಗೊತ್ತಾಗ್ಲಿಲ್ಲ ಸಾರ್. ಗೊತ್ತಾಗ್ಲಿಲ್ಲ ಅನ್ನಕ್ಕೆ ನಾಚಿಕೆ ಆಯ್ತು. ಅದಕ್ಕೇ ನೀರು ಅಂದೆ. ಆಮೇಲೆ ಗೊತ್ತಾಯ್ತು. ಆವಾಗ ಇನ್ನೂ ನಾಚಿಕೆ ಆಯ್ತು. ಅಮ್ಮ ಅಂಗಡಿಗೆ ಬಂದು ಕೇಳಿದ್ರು, ಆವಾಗ್ಲೂ ಸುಳ್ಳೇ ಹೇಳ್ದೆ."

ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ. ಮೇಡಂ ಬಾಯಿಗೆ ಸೆರಗು ಇಟ್ಟುಕೊಂಡು ಅತ್ತೆಯನ್ನೇ ನೋಡುತ್ತಿದ್ದರು.

ಕೊಲ್ಲಾಪುರಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಓವನ್ ಹತ್ತಿರ ಬಂದರು. ಒಂದು ನಾಬ್ ಹಿಡಿದು ತಿರುಗಿಸಿದರು. "ಇದು ಸೊನ್ನೆ." ಇನ್ನೊಂದು. "ಇದು ಸೊನ್ನೆ." ಮೂರನೆಯದು. "ಇದೂ ಸೊನ್ನೆ." ಲೈಟ್ ಹೋಯಿತು. ಕಾಯಿಲ್ ಮೆಲ್ಲಗೆ ಕಪ್ಪಾಯಿತು.

ಮಗನ ಕಡೆ ತಿರುಗಿದರು. "ಇಂಗೇ ಮಾಡಿದ್ದೆ ಕಣ್ಲಾ. ಇಂಗೇ. ಒಣಾ ಬಟ್ಟೆ. ನನಗೆ ಜ್ಞಾಪಕ ಐತೆ." ಅವರು ಅದನ್ನೇ ಮತ್ತೆ ಹೇಳಿದರು. "ಜ್ಞಾಪಕ ಐತೆ ಕಣ್ಲಾ ನನಗೆ." ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತರು. ರಂಗೇಶ್ ಪಕ್ಕದಲ್ಲಿ ಕೂತು ತಾಯಿಯ ಕಾಲು ಹಿಡಿದುಕೊಂಡರು.

ನಾನು ನೋಡಬಾರದಿತ್ತು. ಬಾಗಿಲವರೆಗೆ ಬಂದ ಮೇಲೆ ಮೇಡಂ ಹಿಂದಿನಿಂದ, "ನೀವು ಹೋಗಿ ಮುತ್ತುರಾಜ್" ಎಂದರು. ಹೋಗುತ್ತಲೇ ಇದ್ದೆ.

ಕಂಬಳಿ ಇನ್ನೂ ಬಾಗಿಲಲ್ಲೇ ಇತ್ತು. ಅದನ್ನು ದಾಟಿ ಚಪ್ಪಲಿ ಹಾಕಿಕೊಂಡೆ.

ನವೆಂಬರ್ 5, ಮಂಗಳವಾರ

ವೀರಭದ್ರಯ್ಯನನ್ನು ಕರೆಯಲು ಮುಖವಿಲ್ಲ. ಏಣಿ ಹಾಕಿಕೊಂಡು ನಾನೇ ಬಿಳಿ ಬಣ್ಣ ಬಳಿದೆ. ಎರಡು ಸಲ ಬಳಿದರೂ ಕೆಂಪು ಹಿಂದಿನಿಂದ ಕಾಣುತ್ತದೆ. ಹೋಟೆಲಿನವನು, "ಯಾಕಣ್ಣ, ಓವನ್ ಬಿಟ್ಬುಟ್ರಾ?" ಎಂದು ಕೂಗಿದ. "ನನಗೆ ಬರಲ್ಲ ಕಣಪ್ಪ" ಎಂದೆ. ಹೇಳಿದ ಮೇಲೆ ಏನೂ ಆಗಲಿಲ್ಲ. ಅವನು ದೋಸೆ ಮಗುಚಿದ. ಇಷ್ಟು ಸಲೀಸಾಗಿತ್ತೇ ಇದು?

ನವೆಂಬರ್ 15, ಶುಕ್ರವಾರ, ಸಂಜೆ 4

ಗೊರವನಹಳ್ಳಿ ಬಸ್ ಬಂತು. ಬಗ್ಗಿ ಗ್ರೈಂಡರ್ ಬೆಲ್ಟ್ ಎಳೆಯುತ್ತಿದ್ದೆ. ಕಂಡಕ್ಟರ್ ಜೊತೆ ಯಾರೋ ಜಗಳ ಆಡುವ ದನಿ. ಗಟ್ಟಿ ದನಿ. ತಲೆ ಎತ್ತಲು ಧೈರ್ಯವಾಗಲಿಲ್ಲ.

ಎದುರಿಗೇ ಬಂದು ನಿಂತರು. ವೈರ್ ಬುಟ್ಟಿ. ಒಬ್ಬರೇ. ಸ್ಟೂಲ್ ತಾವೇ ಎಳೆದುಕೊಂಡು ಕೂತರು. ಪ್ರಸಾದದ ಹೂವು ಕೌಂಟರ್ ಮೇಲೆ ಇಟ್ಟರು, ನನ್ನ ಕೈಗೆ ಕೊಡಲಿಲ್ಲ. ಅದಕ್ಕೆ ನಾನು ಯೋಗ್ಯನೂ ಅಲ್ಲ. ಬುಟ್ಟಿಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದರು. ದೇವರ ಮನೆಯಲ್ಲಿ ಪ್ಲಗ್ಗಿಗೆ ಚುಚ್ಚಿದರೆ ದಿನವಿಡೀ ಮಂತ್ರ ಹೇಳುವಂಥದ್ದು.

"ನಾಕು ದಿನದಿಂದ ಗೊರಗೊರ ಅಂತೈತೆ. ಬೆಳಿಗ್ಗೆಯಿಂದ ಅದೂ ಇಲ್ಲ. ನೋಡು."

"ಅಮ್ಮಾ, ಬೇರೆ ಅಂಗಡಿ..."

"ಬೇರೆ ಅಂಗಡಿಯೋರು ಏನು ಹರಿಶ್ಚಂದ್ರರಾ? ನೀನಾದ್ರೆ ಒಂದ್ಸಲ ಬುದ್ಧಿ ಕಲ್ತಿದೀಯ. ಬಿಚ್ಚು. ಗೊತ್ತಾದ್ರೆ ಹೇಳು. ಗೊತ್ತಾಗ್ಲಿಲ್ವಾ, ಗೊತ್ತಾಗ್ಲಿಲ್ಲ ಅನ್ನು, ನಾನೇನು ನಿನ್ನ ನುಂಗಲ್ಲ. ಆ ನೀರಿನ ಮಾತು ಮಾತ್ರ ಇನ್ನೊಂದ್ಸಲ ನನ್ನ ಮುಂದೆ ಎತ್ತಬ್ಯಾಡ."

"ಇಲ್ಲಮ್ಮ" ಎಂದೆ. ಕಣ್ಣು ಮಂಜಾಗಿ ಸ್ಕ್ರೂ ಕಾಣಲಿಲ್ಲ. ಒರೆಸಿಕೊಂಡು ಬಿಚ್ಚಿದೆ.

ಬಿಚ್ಚಿಟ್ಟು ಈಗ ಇದನ್ನು ಬರೆಯುತ್ತಿದ್ದೇನೆ. ಬಿಲ್ ಬರೆಯುತ್ತಿದ್ದಾನೆ ಎಂದುಕೊಂಡಿರಬೇಕು. ಎದುರಿಗೇ ಕೂತು ನೋಡುತ್ತಿದ್ದಾರೆ. ಡಬ್ಬಿಯೊಳಗೆ ಹಸಿರು ಕಿಲುಬು, ಒಂದು ಚೂರು ತುಳಸಿ ಎಲೆ. ದಿನಾ ಪೂಜೆಯಲ್ಲಿ ಚಿಮುಕಿಸಿದ್ದು ಎಲ್ಲಾ ಇಲ್ಲೇ ಇಳಿದಿದೆ. ಅಲ್ಲಾಡಿಸಿದರೆ ಗುಳುಗುಳು ಸದ್ದು ಕೇಳುತ್ತದೆ.

ಎರಡು ಸಲ ನೋಡಿದೆ. ಮೂರನೆಯ ಸಲವೂ ನೋಡಿದೆ.

"ಏನಾಗೈತಪ್ಪ ಒಳಗೆ?" ಎಂದು ಕೇಳುತ್ತಿದ್ದಾರೆ.

ಹೇಳಬೇಕು. ಇದ್ದದ್ದನ್ನು ಇದ್ದ ಹಾಗೇ ಹೇಳಲೇಬೇಕು, ನಂಬಿದರೆ ನಂಬಲಿ. ಅಮ್ಮಾ, ಸಿಟ್ಟು ಮಾಡ್ಕೋಬೇಡಿ, ಬೇಕಾದ್ರೆ ನೀವೇ ಬಗ್ಗಿ ನೋಡಿ, ಈ ಸಲ ನಿಜವಾಗ್ಲೂ—